ಒಬ್ಬರೇ ಇದ್ದ ಸಂಪುಟ

ಸಂಪುಟ ವಿಸ್ತರಣೆ ಆಗ್ಲಿ ಅಂತ ಮಲಪ್ರಭೆ ಕಾಯಲಿಲ್ಲ. 2019ರ ಆಗಸ್ಟ್‌ನಲ್ಲಿ ಕಿತ್ತೂರು, ಬೈಲಹೊಂಗಲ ಸೀಮೆ ದಾಟಿ ಬಂದ ನೀರು ಸವದತ್ತಿಯ ನವಿಲುತೀರ್ಥ ಅಣೆಕಟ್ಟನ್ನು ತುಂಬಿಸಿತು. ಗೇಟು ತೆಗೆದರು, ಕೆಳಗಿದ್ದ ರಾಮದುರ್ಗಕ್ಕೆ ನೀರು ನುಗ್ಗಿತು. ಆಗ ಕರ್ನಾಟಕದಲ್ಲಿ ಎಷ್ಟು ಮಂತ್ರಿಗಳಿದ್ರು ಗೊತ್ತಾ? ಒಬ್ಬರು. ಜುಲೈ 26ರಂದು ಪ್ರಮಾಣವಚನ ತಗೊಂಡ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ. ಇನ್ನೂ 17 ಮಂದಿ ಸೇರಿದ್ದು ಆಗಸ್ಟ್ 20ಕ್ಕೆ.

‘ಒಬ್ಬರೇ ಊರೂರು ಸುತ್ತಿದ್ರಲ್ಲ’ ಅಂತ ಹೊಗಳಬಹುದು. ಸುತ್ತಿದ್ದು ನಿಜ. ಆದರೆ ಸಂವಿಧಾನದ 164ನೇ ವಿಧಿ ಕೇಳೋದು ಓಡಾಟವನ್ನಲ್ಲ, ಮಂತ್ರಿಮಂಡಲವನ್ನ. ಅದು ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆ. ಒಳಗೆ ಜಗಳ ಆಡಬಹುದು, ಹೊರಗೆ ಒಂದೇ ಮಾತು. ಒಬ್ಬರೇ ಇದ್ದರೆ ಜಗಳ ಯಾರ ಜೊತೆ?

2003ರ 91ನೇ ತಿದ್ದುಪಡಿ ಮಂತ್ರಿಗಳ ಸಂಖ್ಯೆಗೆ ಸದನದ ಶೇ. 15ರ ಮಿತಿ ಹಾಕಿತು. ನಮ್ಮಲ್ಲಿ ಅದು 34. ಆಕಾಂಕ್ಷಿಗಳಿಗೆಲ್ಲ ಈ ಲೆಕ್ಕ ಬಾಯಿಪಾಠ. ಅದೇ ತಿದ್ದುಪಡಿ ಮುಖ್ಯಮಂತ್ರಿಯೂ ಸೇರಿ 12ಕ್ಕಿಂತ ಕಡಿಮೆ ಇರಬಾರದು ಅಂತಲೂ ಹೇಳುತ್ತೆ. ಅದು ಯಾರಿಗೂ ನೆನಪಾಗಲ್ಲ.

ಮಂತ್ರಿಗಳಿಲ್ಲದಿದ್ರೂ ಕೆಲಸ ನಡೀತಲ್ಲ, ಡಿಸಿ, ತಹಶೀಲ್ದಾರ್, ಎಂಜಿನಿಯರ್‌ಗಳು ಇದ್ರಲ್ಲ ಅಂತೀರಾ? ಹೌದು, ಕಾರ್ಯಾಂಗಕ್ಕೆ ಎರಡು ಪದರ ಇದೆ. ಸಂಬಳದ ಪದರ ಸರ್ಕಾರ ಬಿದ್ದರೂ ನಿಲ್ಲಲ್ಲ. ಆದರೆ ಬಿದ್ದ ಮನೆಗೆ ಪರಿಹಾರ ಎಷ್ಟು, ಅಣೆಕಟ್ಟಲ್ಲಿ ಮೊದಲೇ ಜಾಗ ಯಾಕೆ ಉಳಿಸಿಕೊಳ್ಳಲಿಲ್ಲ ಅನ್ನೋ ಪ್ರಶ್ನೆಗೆ ತಹಶೀಲ್ದಾರರು ಸದನದಲ್ಲಿ ಎದ್ದು ನಿಂತು ಉತ್ತರ ಕೊಡಲ್ಲ. ಅದು ಆಯಾ ಇಲಾಖೆಯ ಮಂತ್ರಿಯ ಕೆಲಸ. ಅಂಥವರೇ ಇರಲಿಲ್ಲ. ಪ್ರವಾಹದ ಆ ವಾರಗಳಲ್ಲಿ ಸದನವೂ ಸೇರಲಿಲ್ಲ.

ತಡ ಯಾಕೆ? ಅನರ್ಹಗೊಂಡ ಶಾಸಕರ ಕೇಸು ಕೋರ್ಟಲ್ಲಿತ್ತು, ಪಟ್ಟಿಗೆ ದೆಹಲಿಯ ಒಪ್ಪಿಗೆ ಬೇಕಿತ್ತು. ಈ ನಾಲ್ಕು ಕ್ಷೇತ್ರಗಳಲ್ಲಿ ಬೈಲಹೊಂಗಲ ಬಿಟ್ಟು ಮೂರೂ ಆಡಳಿತ ಪಕ್ಷದವೇ. ಪಟ್ಟಿ ಬಾಕಿ ಇರುವಾಗ ಆಡಳಿತ ಪಕ್ಷದ ಯಾವ ಶಾಸಕ ತಾನೇ ಮುಖ್ಯಮಂತ್ರಿಯನ್ನ ಗಟ್ಟಿಯಾಗಿ ಪ್ರಶ್ನಿಸ್ತಾನೆ? ಖಾಲಿ ಕುರ್ಚಿಯಿಂದ ಆಗೋ ದೊಡ್ಡ ನಷ್ಟ ಇದೇ: ಮಂತ್ರಿಯೂ ಇಲ್ಲ, ಮಂತ್ರಿಯನ್ನ ಕೇಳೋ ಶಾಸಕನೂ ಇಲ್ಲ.

ಇದು ಒಂದೇ ಪಕ್ಷದ ಚಾಳಿ ಅಲ್ಲ. ತೆಲಂಗಾಣದಲ್ಲಿ 2018ರ ಡಿಸೆಂಬರ್‌ನಿಂದ ಎರಡು ತಿಂಗಳು ಕೆಸಿಆರ್ ಮತ್ತೊಬ್ಬ ಮಂತ್ರಿ, ಇಬ್ಬರೇ. ಮಧ್ಯಪ್ರದೇಶದಲ್ಲಿ 2020ರಲ್ಲಿ ಕೊರೋನಾ ಬಂದಾಗ ಸುಮಾರು ನಾಲ್ಕು ವಾರ ಶಿವರಾಜ್ ಸಿಂಗ್ ಚೌಹಾಣ್ ಒಬ್ಬರೇ.

ಹನ್ನೆರಡು ಅಂತ ಬರೆದ ಸಂವಿಧಾನ ಎಷ್ಟು ದಿನದೊಳಗೆ ಅಂತ ಬರೆದಿಲ್ಲ. ಆ ಸಂದಿಯಲ್ಲೇ ಎಲ್ಲರೂ ನುಸುಳೋದು. ಮುಂದಿನ ಸಲ ಸರ್ಕಾರ ಬದಲಾದಾಗ ಯಾರಿಗೆ ಯಾವ ಖಾತೆ ಅಂತ ಕೇಳೋ ಮೊದಲು, ಹನ್ನೆರಡು ಜನ ಯಾವತ್ತು ಅಂತ ಕೇಳಿ.