ಎರೆಹೊಲದಿಂದ ಕಂಡ ಕಡಲು

ಸಿಂದಗಿಯ ವಿದ್ಯಾರ್ಥಿಗಳಿಗೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ದೂರದ ಊರಿನ ಕತೆ. ಕಾದಂಬರಿಯ ಕೋಡಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ ಇರುವ ಉಸುಕಿನ ನೆಲ. ನಮ್ಮದು ಬೇಸಿಗೆಯಲ್ಲಿ ಬಾಯಿಬಿಡುವ ಎರೆ. ಪರೀಕ್ಷೆಗೆ ಓದುವವರು ಮೂರು ತಲೆಮಾರುಗಳ ಕತೆಯನ್ನು ನೆನಪಿಟ್ಟುಕೊಂಡು, ಕಡಲನ್ನು ‘ಪ್ರಾದೇಶಿಕ ಹಿನ್ನೆಲೆ’ ಎಂಬ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕಾದಂಬರಿ ಕೈತಪ್ಪುವುದು ಅಲ್ಲಿಯೇ.

ಪಾರೋತಿ, ಸರಸೋತಿಯರನ್ನು ನೋಡಿ. ನಿಂತು ಕಡಲು ನೋಡಲು ಅವರಿಗೆ ಪುರುಸೊತ್ತೆಲ್ಲಿದೆ? ಮಳೆಗಾಲದ ನೆರೆ ತೇಲಿಸಿ ತಂದ ಕಟ್ಟಿಗೆ ಒಲೆಗಾಗಬೇಕು, ಗದ್ದೆಗೆ ಗೊಬ್ಬರ ಹೊರಬೇಕು, ಉಪ್ಪುನೀರಿನ ಭಯ ಬೇರೆ. ತೊಗರಿಕಟ್ಟಿಗೆ ಒಟ್ಟಿ, ಕುಳ್ಳು ತಟ್ಟಿಟ್ಟು ಮಳೆಗಾಲಕ್ಕೆ ಅಣಿಯಾಗುವ ಮನೆಯಿಂದ ಬಂದ ಓದುಗರಿಗೆ ಈ ಪುಟಗಳನ್ನು ಯಾರೂ ವಿವರಿಸಬೇಕಿಲ್ಲ. ಡೋಣಿ ದಂಡೆಯವರಿಗಂತೂ ಬೇಡವೇ ಬೇಡ: ಬಿಳಿಜೋಳಕ್ಕೆ ಹೆಸರಾದ ಆ ಎರೆಯ ಪೈರನ್ನು ಅದೇ ಹೊಳೆ ಉಕ್ಕಿ ನುಂಗುವುದನ್ನು ಅವರು ಕಂಡಿದ್ದಾರೆ.

ಮೊಮ್ಮಗ ರಾಮನ ಕಡಲು ಬೇರೆ. ಓದಲು ಮದರಾಸಿಗೆ ಹೋದವನು, ಮುಂಬಯಿ ಕಂಡವನು. ಅವನಿಗೆ ಅದು ನೋಡುವ, ಕೇಳುವ, ಮನಸ್ಸು ತುಂಬಿಕೊಳ್ಳುವ ಕಡಲು. ಚೆಲುವು ಕಾಣಲು ಊರಿನಿಂದ ಒಮ್ಮೆ ದೂರ ಹೋಗಬೇಕೇನೋ.

ಇಲ್ಲಿ ಥಾಮಸ್ ಹಾರ್ಡಿ ನೆನಪಾಗುತ್ತಾನೆ. ಅವನ ಡಾರ್ಸೆಟ್ ಕೂಡ ಇಂಗ್ಲೆಂಡಿನ ಕರಾವಳಿಯ ಹಳ್ಳಿನಾಡು. ಆದರೆ ‘ದಿ ರಿಟರ್ನ್ ಆಫ್ ದಿ ನೇಟಿವ್’ (1878) ಕಾದಂಬರಿಗೆ ಅವನು ಆರಿಸಿಕೊಂಡದ್ದು ಒಳನಾಡಿನ ಕುರುಚಲು ಬಯಲು. ಪ್ಯಾರಿಸ್ಸಿನಿಂದ ಊರಿಗೆ ಮರಳಿದ ಕ್ಲಿಮ್ ಶಾಲೆ ತೆರೆಯುವ ಕನಸು ಕಾಣುತ್ತಾನೆ. ಕಣ್ಣು ಮಂಜಾದ ಮೇಲೆ ಮುಳ್ಳುಪೊದೆ ಕಡಿಯುವ ಕೂಲಿಗೆ ಇಳಿಯುತ್ತಾನೆ. ನೋಡುವ ಕಣ್ಣು ಸೋತಾಗ ನೆಲ ಅವನ ಕೈಗೆ ತಿಳಿಯುತ್ತದೆ. ರಾಮನಿಗೆ ಅಂಥ ಪರೀಕ್ಷೆ ಒದಗುವುದಿಲ್ಲ. ಅವನು ಮರಳುವ ಮಣ್ಣನ್ನು ಅಜ್ಜಿಯರೂ ತಾಯಿ ನಾಗವೇಣಿಯೂ ಮೊದಲೇ ಕಾಪಾಡಿಟ್ಟಿದ್ದಾರೆ. ಅವನ ಮರಳುವಿಕೆಯನ್ನು ಕಾದಂಬರಿಯ ಶಿಖರ ಎನ್ನುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ. ಊರು ಬಿಡದವರ ಮೊದಲರ್ಧವೇ ಗಟ್ಟಿ.

ನಮ್ಮ ಸೀಮೆಯ ಸಾಹಿತ್ಯಕ್ಕೂ ಇಂಥದೇ ಒಂದು ಚೀಟಿ ಅಂಟಿಸಿದ್ದಾರೆ: ‘ಬರದ ನಾಡು’. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನವನ್ನು ಆ ಚೀಟಿ ಕಿತ್ತು ಓದಬೇಕು. ಬೀಸುಕಲ್ಲಿನ ಮುಂದೆ ಕೂತವಳು ಅಳೆಯುವ ನೆಲ ಯಾವುದು, ಭೀಮೆಯ ದಂಡೆಯೋ, ತವರಿನ ದಾರಿಯೋ?