ಪ್ರಧಾನ ಸಂಪಾದಕನ ಹೊಣೆ: ಪುಣೆಯ ಮಹಾಭಾರತ ಆವೃತ್ತಿಯನ್ನು ಕುರಿತು

ಹಲವರು ಕೂಡಿ ಬಹುಕಾಲ ನಡೆಸಿದ ವಿದ್ವತ್ಕಾರ್ಯವೊಂದು ಮುಗಿದಾಗ ಅದರ ಮುಂದಾಳನ್ನು ಹೊಗಳುವುದು ವಾಡಿಕೆ. ಆತನ ಪಾಂಡಿತ್ಯ, ಶ್ರಮ, ಸಹೋದ್ಯೋಗಿಗಳಲ್ಲಿ ಆತನಿಗಿದ್ದ ವಾತ್ಸಲ್ಯ ಇವೆಲ್ಲ ಆ ಹೊಗಳಿಕೆಯಲ್ಲಿ ತಪ್ಪದೆ ಬರುತ್ತವೆ. ಇವು ಸುಳ್ಳೆಂದಲ್ಲ, ಆದರೆ ಕೆಲಸ ಹೇಗೆ ನಡೆಯಿತೆಂಬುದು ಇವುಗಳಿಂದ ತಿಳಿಯುವುದಿಲ್ಲ. ಒಬ್ಬನಲ್ಲಿದ್ದ ತಿಳಿವು ಇನ್ನೊಬ್ಬನಿಗೆ ಯಾವ ದಾರಿಯಿಂದ ಹೋಯಿತು, ಹೋಗದೆ ಉಳಿದದ್ದು ಯಾವುದು, ಮುಂದಾಳು ಇಲ್ಲವಾದ ಮೇಲೆ ಉಳಿದವರ ಕೈಯಲ್ಲಿ ಏನಿತ್ತು ಎಂಬ ಪ್ರಶ್ನೆಗಳನ್ನು ಕೇಳಿದ ಹೊರತು ನಾಯಕತ್ವವೆಂಬ ಮಾತಿಗೆ ಅರ್ಥ ಬಾರದು. ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ ಹೊರತಂದ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಈ ದೃಷ್ಟಿಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಆ ಆವೃತ್ತಿ ಕೊಟ್ಟ ಪಾಠ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

ಆವೃತ್ತಿಯ ಚರಿತ್ರೆಯನ್ನು ಬೇಗನೆ ಹೇಳಿಬಿಡಬಹುದು. ಮಹಾಭಾರತಕ್ಕೆ ಶಾಸ್ತ್ರೀಯವಾದ ಒಂದು ಪರಿಷ್ಕರಣ ಆಗಬೇಕೆಂದು 1897ರಲ್ಲಿ ಪ್ಯಾರಿಸಿನ ಪ್ರಾಚ್ಯವಿದ್ವಾಂಸರ ಸಮ್ಮೇಳನದಲ್ಲಿ ವಿಂಟರ್ನಿಟ್ಸ್ ಸೂಚಿಸಿದರು. ಯುರೋಪಿನ ವಿದ್ವತ್ಸಂಸ್ಥೆಗಳು ಕೈಗೊಂಡ ಯತ್ನ ಮೊದಲನೆಯ ಮಹಾಯುದ್ಧದಿಂದ ನಿಂತುಹೋಯಿತು. 1919ರಲ್ಲಿ ಪುಣೆಯಲ್ಲಿ ರಾಮಕೃಷ್ಣ ಗೋಪಾಲ ಭಾಂಡಾರ್ಕರರ ಕೈಯಿಂದ ಆರಂಭವಾದ ಕಾರ್ಯಕ್ಕೆ ಔಂಧ್ ಸಂಸ್ಥಾನದ ರಾಜರ ಧನಸಹಾಯ ದೊರೆಯಿತು. 1923ರಲ್ಲಿ ಉಟ್ಗೀಕರರು ವಿರಾಟಪರ್ವವನ್ನು ‘ತಾತ್ಕಾಲಿಕ ಆವೃತ್ತಿ’ಯೆಂದು ಹೆಸರಿಸಿ, ವಿದ್ವಾಂಸರ ಅಭಿಪ್ರಾಯಕ್ಕಾಗಿ ಪ್ರಕಟಿಸಿದರು. ಈ ಸಣ್ಣ ಸಂಗತಿ ಗಮನಾರ್ಹ: ಮುಗಿಯದ ಕೆಲಸವನ್ನು ಮುಗಿದಿಲ್ಲವೆಂದೇ ಹೇಳಿ ಪರರ ಮುಂದಿಡುವ ಧೈರ್ಯ ಆ ಯೋಜನೆಯ ಹುಟ್ಟಿನಲ್ಲಿಯೇ ಇತ್ತು. 1925ರಲ್ಲಿ ವಿಷ್ಣು ಸೀತಾರಾಮ ಸುಕ್ಥಂಕರರು ಪ್ರಧಾನ ಸಂಪಾದಕರಾದರು. ಅವರು ಮೊದಲು ಕೇಂಬ್ರಿಜ್‌ನಲ್ಲಿ ಗಣಿತವನ್ನೂ ಆಮೇಲೆ ಬರ್ಲಿನ್ನಿನಲ್ಲಿ ಲ್ಯೂಡರ್ಸ್ ಅವರಲ್ಲಿ ಸಂಸ್ಕೃತವನ್ನೂ ಕಲಿತವರು. ಉತ್ತರವನ್ನಷ್ಟೇ ಅಲ್ಲ, ಲೆಕ್ಕ ಮಾಡಿದ ಮೆಟ್ಟಿಲುಗಳನ್ನೂ ತೋರಿಸಬೇಕೆಂಬ ಛಲ ಅವರಿಗೆ ಗಣಿತದಿಂದ ಬಂದಿರಬೇಕೆಂದು ನನ್ನ ಊಹೆ.

ಅವರ ಎದುರಿಗಿದ್ದ ತೊಡಕು ಯಾವ ಬಗೆಯದೆಂಬುದನ್ನು ಆದಿಪರ್ವದ ಲೆಕ್ಕವೊಂದೇ ತಿಳಿಸುತ್ತದೆ. ಆ ಪರ್ವಕ್ಕೆ ಆಗ ತಿಳಿದಿದ್ದ ಹಸ್ತಪ್ರತಿಗಳು ಸುಮಾರು 235. ದೇವನಾಗರಿಯವು 107, ಬಂಗಾಳಿಯವು 32, ಗ್ರಂಥಲಿಪಿಯವು 31, ತೆಲುಗಿನವು 28, ಮಲಯಾಳದವು 26, ನೇಪಾಳಿಯವು 5, ಶಾರದೆಯವು 3. ಮೈಥಿಲಿ, ಕನ್ನಡ, ನಂದಿನಾಗರಿಗಳಲ್ಲಿ ಒಂದೊಂದು. ಇವುಗಳಲ್ಲಿ 60 ಪ್ರತಿಗಳನ್ನು ಪಾಠನಿರ್ಣಯಕ್ಕೆ ಬಳಸಿಕೊಂಡರು. ಹತ್ತು ಲಿಪಿಗಳನ್ನು, ಅದರಲ್ಲಿಯೂ ಹಳೆಯ ಓಲೆಗಳ ಮೇಲಿನ ಹತ್ತು ಬಗೆಯ ಬರವಣಿಗೆಯನ್ನು, ಒಂದೇ ಸಲೀಸಿನಿಂದ ಓದಬಲ್ಲ ಒಬ್ಬ ವಿದ್ವಾಂಸನನ್ನು ಊಹಿಸುವುದು ಕಷ್ಟ. ಆದುದರಿಂದ ಮುಂದಾಳು ಇಲ್ಲಿ ತನ್ನ ಕೈಕೆಳಗಿನವರ ಕಣ್ಣನ್ನೇ ನಂಬಬೇಕು. ಬಂಗಾಳಿ ಪ್ರತಿಗಳನ್ನು ಶಾಂತಿನಿಕೇತನದಲ್ಲಿ, ದಕ್ಷಿಣದ ಪ್ರತಿಗಳಲ್ಲಿ ಕೆಲವನ್ನು ತಂಜಾವೂರಿನ ಸರಸ್ವತೀ ಮಹಲಿನಲ್ಲಿ ಓದಿಸಿದ್ದರಿಂದ ಆ ಕಣ್ಣುಗಳು ಒಂದೇ ಊರಿನಲ್ಲಿಯೂ ಇರಲಿಲ್ಲ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಒಳ್ಳೆಯ ಮನಸ್ಸು, ಪರಸ್ಪರ ವಿಶ್ವಾಸ ಮೊದಲಾದುವನ್ನು ಹೇಳುತ್ತಾರೆ. ಸುಕ್ಥಂಕರರು ಹೇಳಿದ್ದು ಹಾಳೆಯ ಮಾತು. ಚೌಕಗಳನ್ನು ಗೆರೆ ಹಾಕಿದ ಒಂದು ಹಾಳೆ. ಮೇಲುಗಡೆ ಪ್ರಚಲಿತ ಮುದ್ರಿತ ಪಾಠದ ಶ್ಲೋಕವನ್ನು ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರದಂತೆ ಬರೆದಿರುವುದು. ಕೆಳಗೆ ಪ್ರತಿಯೊಂದು ಹಸ್ತಪ್ರತಿಗೂ ಒಂದು ಸಾಲು. ಪಾಠ ಎಲ್ಲಿ ಬೇರೆಯಾಗುತ್ತದೆಯೋ ಆ ಅಕ್ಷರದ ಕೆಳಗಿನ ಚೌಕದಲ್ಲಿಯೇ ಅದನ್ನು ತುಂಬುವುದು. ತಿದ್ದುಪಾಟು, ಅಂಚಿನ ಬರಹ ಮೊದಲಾದವಕ್ಕೆ ಬಲಗಡೆ ಜಾಗ. ಹೆಚ್ಚಿಗೆ ಬಂದ ದೀರ್ಘಭಾಗಗಳಿಗೆ ಶೋಧಪತ್ರವೆಂಬ ಬೇರೆ ಕಾಗದ. ನೋಡುವುದಕ್ಕೆ ಇದು ಶಾಲೆಯ ಹುಡುಗನ ಮಗ್ಗಿಪುಸ್ತಕದಂತಿದೆ. ಆದರೆ ತಂಜಾವೂರಿನಲ್ಲಿ ಓದಿದವನು ಏನನ್ನು ಕಂಡನೆಂಬುದು ಪುಣೆಯಲ್ಲಿ ಕುಳಿತವನಿಗೆ, ಅವನನ್ನು ಕರೆಸಿ ಕೇಳದೆಯೇ, ಅಕ್ಷರಶಃ ತಿಳಿಯುವುದು ಈ ಚೌಕಗಳಿಂದ. ಮನಸ್ಸು ಒಳ್ಳೆಯದಿದ್ದರೂ ಹಾಳೆ ಇಲ್ಲದಿದ್ದರೆ ಆ ತಿಳಿವು ತಂಜಾವೂರಿನಲ್ಲಿಯೇ ಉಳಿಯುತ್ತಿತ್ತು.

ಇದಕ್ಕಿಂತ ದೊಡ್ಡ ಸಂಗತಿ ಮುದ್ರಿತ ಪುಟದಲ್ಲಿದೆ. ಆವೃತ್ತಿಯ ಯಾವ ಪುಟವನ್ನು ತೆರೆದರೂ ಮೇಲಿನ ಪಾಠದಲ್ಲಿ ಅಲ್ಲಲ್ಲಿ ಕೆಲವು ಪದಗಳ ಕೆಳಗೆ ಅಲೆಅಲೆಯಾದ ಗೆರೆಯೊಂದು ಕಾಣುತ್ತದೆ. ಈ ಪಾಠವನ್ನು ಸ್ವೀಕರಿಸಿದ್ದೇವೆ, ಆದರೆ ಇದು ನಿಶ್ಚಿತವಲ್ಲ ಎಂಬುದು ಅದರ ಅರ್ಥ. ಎರಡು ಸ್ವತಂತ್ರ ಪರಂಪರೆಗಳು, ಉತ್ತರದ್ದೂ ದಕ್ಷಿಣದ್ದೂ, ಒಪ್ಪಿದ ಕಡೆ ಗೆರೆ ಇಲ್ಲ. ಅವು ಒಪ್ಪದೆ ಸಂಪಾದಕನು ತನ್ನ ವಿವೇಚನೆಯಿಂದ ಒಂದನ್ನು ಆರಿಸಬೇಕಾಗಿ ಬಂದಲ್ಲಿ ಗೆರೆ ಬರುತ್ತದೆ. ಸಂಪಾದಕನಾದವನು ತನಗೆ ತಿಳಿದದ್ದನ್ನು ಹಂಚುವುದು ಸಾಧಾರಣ. ತನಗೆ ಎಷ್ಟರ ಮಟ್ಟಿಗೆ ತಿಳಿಯದೆಂಬುದನ್ನು, ಪದಪದಕ್ಕೂ ಅಳೆದು, ಅಚ್ಚಿನಲ್ಲಿ ಹಂಚಿದ್ದು ಅಪೂರ್ವ. ಅದರಂತೆಯೇ, ಪ್ರಕ್ಷಿಪ್ತವೆಂದು ತೆಗೆದ ಯಾವ ಭಾಗವನ್ನೂ ಅವರು ಎಸೆಯಲಿಲ್ಲ. ಚಿಕ್ಕವು ನಕ್ಷತ್ರ ಚಿಹ್ನೆಯೊಡನೆ ಅಡಿಯಲ್ಲಿವೆ, ದೊಡ್ಡವು ಅನುಬಂಧದಲ್ಲಿವೆ. ವ್ಯಾಸರಿಗೆ ಗಣಪತಿ ಲಿಪಿಕಾರನಾದ ಕಥೆ, ನಮ್ಮ ನಾಡಿನ ಮಕ್ಕಳಿಗೂ ಗೊತ್ತಿರುವಂಥದು, ಆದಿಪರ್ವದ ಅನುಬಂಧಕ್ಕೆ ಹೋಗಿದೆ. ಅದನ್ನು ತೆಗೆದದ್ದು ತಪ್ಪೆನ್ನುವವನಿಗೆ ವಾದಿಸಲು ಬೇಕಾದ ಸಾಮಗ್ರಿಯನ್ನು ಸಂಪಾದಕರೇ ಒದಗಿಸಿದ್ದಾರೆ.

ಮಿಖಾಯೆಲ್ ಪೊಲಾನ್ಯಿ, ಬಾಯಲ್ಲಿ ಹೇಳಬಲ್ಲುದಕ್ಕಿಂತ ಹೆಚ್ಚನ್ನು ಮನುಷ್ಯನು ಬಲ್ಲನೆಂಬ ವಾದವನ್ನು ವಿಸ್ತರಿಸಿದ ಗ್ರಂಥ ಹೊರಬಂದದ್ದು 1966ರಲ್ಲಿ. ಪುಣೆಯ ಕಾರ್ಯ ಮುಗಿದದ್ದೂ ಅದೇ ವರ್ಷ. 1995ರಲ್ಲಿ ನೊನಾಕ ಮತ್ತು ತಾಕೆಯುಚಿ ಎಂಬ ಜಪಾನಿನ ವಿದ್ವಾಂಸರು ಇದೇ ಮಾತನ್ನು ಉದ್ಯಮಸಂಸ್ಥೆಗಳಿಗೆ ಅನ್ವಯಿಸಿ, ಅವ್ಯಕ್ತ ಜ್ಞಾನವನ್ನು ವ್ಯಕ್ತ ಜ್ಞಾನವಾಗಿ ಮಾರ್ಪಡಿಸುವುದೇ ಮುಂದಾಳಿನ ಮುಖ್ಯ ಕೆಲಸವೆಂಬಂತೆ ಪ್ರತಿಪಾದಿಸಿದರು. ಆಡಳಿತಶಾಸ್ತ್ರದ ತರಗತಿಗಳಲ್ಲಿ ಇದು ಈಗ ಪಾಠವಾಗಿದೆ. ಆ ವಾದದಲ್ಲಿ ಹುರುಳಿದೆ. ಆದರೆ ಜ್ಞಾನವೆಂಬುದು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಗ್ಗಿಸುವ ದ್ರವ್ಯವೆಂಬ ಭಾವನೆ ಅದರ ಹಿಂದೆ ಸುಳಿಯುತ್ತದೆ. ಅಲೆಗೆರೆಗೆ ಆ ಲೆಕ್ಕದಲ್ಲಿ ಸ್ಥಾನವೆಲ್ಲಿ? ಅದು ಹಂಚುವುದು ಸಂಶಯವನ್ನು. ತಂಡದಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಮೇಲಿನವನ ನಿರ್ಧಾರ ತಿಳಿದರೆ ಸಾಲದು. ಆ ನಿರ್ಧಾರದ ಕೆಳಗಿನ ನೆಲ ಎಷ್ಟು ಗಟ್ಟಿ ಎಂಬುದೂ ತಿಳಿಯಬೇಕು.

ಸ್ವಂತದ ಒಂದು ಮಾತನ್ನು ವಾಚಕರು ಕ್ಷಮಿಸಬೇಕು. ಪ್ರಸ್ತುತ ಲೇಖಕನು ತರುಣನಾಗಿದ್ದಾಗ ಒಂದು ಸಂಸ್ಥೆಯಲ್ಲಿ ಹಳಗನ್ನಡ ಕಾವ್ಯವೊಂದರ ಸಂಪಾದನೆಗೆ ಸಹಾಯಕನಾಗಿ ಎರಡು ವರ್ಷ ದುಡಿದದ್ದುಂಟು. ಅಲ್ಲಿನ ಹಿರಿಯ ಪಂಡಿತರು ಮಹಾವಿದ್ವಾಂಸರು, ಉದಾರಿಗಳು. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಒಂದು ಟ್ರಂಕಿನ ತುಂಬ ಚೀಟಿಗಳು ಸಿಕ್ಕವು. ಕೆಲವದರ ಮೇಲೆ ‘ನೋಡಿ’ ಎಂದಿತ್ತು. ಹಲವದರ ಮೇಲೆ ‘ಹಿಂದಿನಂತೆ’ ಎಂದಿತ್ತು. ಯಾವ ಹಿಂದಿನಂತೆ ಎಂಬುದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ನಾಲ್ಕು ಆಶ್ವಾಸಗಳಷ್ಟು ಕೆಲಸವನ್ನು ಓಲೆಯಿಂದ ಮತ್ತೆ ಆರಂಭಿಸಬೇಕಾಯಿತು. ಆ ಪಂಡಿತರು ಏನನ್ನೂ ಬಚ್ಚಿಟ್ಟವರಲ್ಲ. ಕೇಳಿದವರಿಗೆ ಹೇಳುವುದೇ ಹಂಚುವುದೆಂದು ಅವರು ತಿಳಿದಿದ್ದರು, ಅಷ್ಟೆ. ಕೇಳಬೇಕಾದವರು ಇನ್ನೂ ಹುಟ್ಟಿರಲಾರರೆಂಬುದು ಅವರಿಗೆ ಹೊಳೆಯಲಿಲ್ಲ.

ಸುಕ್ಥಂಕರರು 1943ರ ಜನವರಿ 21ರಂದು ತೀರಿಕೊಂಡರು. ಮಹಾಭಾರತದ ಅರ್ಥವನ್ನು ಕುರಿತು ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಅವರು ಕೊಡುತ್ತಿದ್ದ ನಾಲ್ಕು ಉಪನ್ಯಾಸಗಳಲ್ಲಿ ನಾಲ್ಕನೆಯದು ಆಗದೆ ಉಳಿಯಿತು. ಅವರೇ ಸಂಪಾದಿಸಿ ಮುಗಿಸಿದ್ದು ಆದಿಪರ್ವ ಮತ್ತು ಆರಣ್ಯಕಪರ್ವಗಳನ್ನು ಮಾತ್ರ. ಅವರ ಕಾಲದಲ್ಲಿಯೇ ರಘುವೀರರ ವಿರಾಟಪರ್ವ 1936ರಲ್ಲಿ, ಢಾಕಾದ ಸುಶೀಲ್ ಕುಮಾರ್ ಡೇ ಅವರ ಉದ್ಯೋಗಪರ್ವ 1940ರಲ್ಲಿ ಬಂದಿದ್ದವು. ಯೇಲ್ ವಿಶ್ವವಿದ್ಯಾನಿಲಯದ ಎಡ್ಜರ್ಟನ್ ಅವರ ಸಭಾಪರ್ವ ಮರಣಾನಂತರ 1944ರಲ್ಲಿ ಬಂದಿತು. ಆಮೇಲೆ ಬೇಲ್ವಲ್ಕರ್, ಅವರ ನಂತರ ಪಿ. ಎಲ್. ವೈದ್ಯ ಪ್ರಧಾನ ಸಂಪಾದಕರಾಗಿ 1966ಕ್ಕೆ ಹದಿನೆಂಟು ಪರ್ವಗಳನ್ನೂ ಮುಗಿಸಿದರು. ಮುಂದಾಳು ಸತ್ತು ಇಪ್ಪತ್ತಮೂರು ವರ್ಷ ಕೆಲಸ ನಡೆದು ಪೂರ್ತಿಯಾಯಿತು. ಅದಕ್ಕೆ ಕಾರಣ ಅವರ ಸ್ಮರಣೆಯಲ್ಲಿನ ಭಕ್ತಿಯೆಂದರೆ ಅರ್ಧ ಸತ್ಯ. 1933ರಲ್ಲಿ ಆದಿಪರ್ವದ ಸಂಪುಟಕ್ಕೆ ಅವರು ಬರೆದ ‘ಪ್ರೊಲೆಗೊಮೆನಾ’ ಎಂಬ ಪೀಠಿಕೆ ಎಲ್ಲರ ಮೇಜಿನ ಮೇಲಿತ್ತು. ಯಾವ ಪ್ರತಿಯನ್ನು ಏಕೆ ನಂಬಿದೆ, ಯಾವುದನ್ನು ಏಕೆ ಬಿಟ್ಟೆ ಎಂಬುದನ್ನು ಅಲ್ಲಿ ಬಿಡಿಸಿ ಹೇಳಿದ್ದಾರೆ. ಫ್ರಾನ್ಸಿನ ಸಿಲ್ವೆಂ ಲೆವಿ 1929ರಲ್ಲಿ ಮೊದಲ ಕಂತುಗಳನ್ನು ವಿಮರ್ಶಿಸುತ್ತ, ಮೂಲಪಾಠವನ್ನು ಕಟ್ಟುವ ಸಾಹಸವನ್ನು ಬಿಟ್ಟು ನೀಲಕಂಠನ ಪ್ರಚಲಿತ ಪಾಠವನ್ನೇ ಮುದ್ರಿಸಿ ಪಾಠಾಂತರಗಳನ್ನು ಕೊಟ್ಟರೆ ಸಾಕೆಂದು ಸೂಚಿಸಿದ್ದರು. ಆ ಸೂಚನೆಯನ್ನು ಮರೆಮಾಡದೆ ಪೀಠಿಕೆಯಲ್ಲಿಯೇ ಎತ್ತಿಕೊಂಡು ಉತ್ತರ ಕೊಟ್ಟಿದ್ದಾರೆ. ಉತ್ತರ ಎಲ್ಲರಿಗೂ ಒಪ್ಪಿಗೆಯಾಗದಿರಬಹುದು; ಮುಂದೆ ಬಂದ ಸಂಪಾದಕನಿಗೆ ಆಕ್ಷೇಪವೂ ಸಮಾಧಾನವೂ ಒಂದೇ ಕಡೆ ದೊರೆತವು. ಆಮೇಲೆ ನೇಪಾಳದಿಂದ ಆದಿಪರ್ವದ ಬಹು ಹಳೆಯ ಪ್ರತಿಯೊಂದು ಸಿಕ್ಕಾಗಲೂ, ತಮ್ಮ ಪಾಠವನ್ನು ಅದರೊಡನೆ ಹೋಲಿಸಿ, 1938ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಅಚ್ಚಾದ ಪುಸ್ತಕವನ್ನು ಮತ್ತೆ ಪರೀಕ್ಷೆಗೆ ಒಡ್ಡಲು ಎಲ್ಲ ಸಂಪಾದಕರಿಗೂ ಮನಸ್ಸು ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಪಾಠಾಂತರಗಳ ಅಡಿಟಿಪ್ಪಣಿಯಲ್ಲಿರುವ ಸಂಕೇತಾಕ್ಷರಗಳು ಹಸ್ತಪ್ರತಿಗಳನ್ನು ಸೂಚಿಸುತ್ತವೆ, ಓದಿದವರನ್ನು ಸೂಚಿಸುವುದಿಲ್ಲ. ಶಾಸ್ತ್ರಿಗಳೂ ಪದವೀಧರರೂ ಕೂಡಿದ್ದ ವಾಚಕವರ್ಗಕ್ಕೆ ಪೀಠಿಕೆಯಲ್ಲಿ ಕೃತಜ್ಞತೆ ಸಂದಿದೆ, ನಿಜ. ಆದರೆ ಕೃತಜ್ಞತೆ ಬೇರೆ, ಹೊಣೆಗಾರಿಕೆಯಲ್ಲಿ ಪಾಲು ಬೇರೆ. ಗ್ರಂಥಲಿಪಿಯ ಓಲೆಯಲ್ಲಿ ಒಂದು ಅಕ್ಷರ ‘ಪ’ವೋ ‘ವ’ವೋ ಎಂದು ಅನುಮಾನಿಸಿ ಕೊನೆಗೆ ‘ವ’ ಎಂದು ಚೌಕದಲ್ಲಿ ತುಂಬಿದವನ ಸಂಶಯಕ್ಕೆ ಮುದ್ರಿತ ಪುಟದಲ್ಲಿ ಗೆರೆಯಿಲ್ಲ. ಅಲೆಗೆರೆ ಸಂಪಾದಕನ ಸಂಶಯಕ್ಕೆ ಮಾತ್ರ. ಕೇವಲ ಬರವಣಿಗೆಯ ರೂಢಿಗೆ ಸೇರಿದ ಭೇದಗಳನ್ನು ಅಲಕ್ಷಿಸಬೇಕೆಂಬ ನಿಯಮವಿತ್ತು, ನಿಯಮ ಅನಿವಾರ್ಯವೇ, ಆದರೆ ಯಾವುದು ರೂಢಿ, ಯಾವುದು ಪಾಠ ಎಂಬ ಮೊದಲ ತೀರ್ಪು ಸಂಪಾದಕನಿಗಿಂತ ಮುಂಚೆ ವಾಚಕನದೇ ಆಗಿರಬೇಕಷ್ಟೆ. ಪೀಠಿಕೆ ಇಂಗ್ಲಿಷಿನಲ್ಲಿದೆ. ಪಾಠಶಾಲೆಯ ಪರಂಪರೆಯಲ್ಲಿ ಬೆಳೆದ ಶಾಸ್ತ್ರಿಗಳಿಗೆ ಅದರ ತತ್ತ್ವ ಬಾಯಿಮಾತಿನಲ್ಲಿಯೇ ತಲುಪಿರಬೇಕು. ಮೇಲಿನಿಂದ ಕೆಳಕ್ಕೆ ತಿಳಿವು ಹರಿಯಲು ಬಾಯಿಮಾತು, ಕೆಳಗಿನಿಂದ ಮೇಲಕ್ಕೆ ಹರಿಯಲು ಚೌಕದ ಹಾಳೆ: ಈ ಅಸಮತೆಯನ್ನು ಆವೃತ್ತಿಯ ಪ್ರಶಂಸಕರು ಗಮನಿಸಿದಂತಿಲ್ಲ.

ಇದೇ ಶಾಸ್ತ್ರವನ್ನು ಎಸ್. ಎಂ. ಕತ್ರೆಯವರು 1941ರಲ್ಲಿ ವಿದ್ಯಾರ್ಥಿಗಳಿಗೆ ಕೈಪಿಡಿಯಾಗಿ ಬರೆದರು, ಕನ್ನಡದಲ್ಲಿ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಬಂದಿತು. ಅದರಿಂದ ನಮ್ಮ ಸಂಪಾದನ ಕಾರ್ಯಕ್ಕೆ ಒದಗಿದ ಶಿಸ್ತನ್ನು ಅಧ್ಯಾಪಕರಿಗೆ ನೆನಪಿಸಬೇಕಾಗಿಲ್ಲ. ಪ್ರತಿಗಳಿಗೆ ಕ, ಖ, ಗ ಎಂದು ಹೆಸರಿಟ್ಟು ಪೀಠಿಕೆಯಲ್ಲಿ ಗರಿಗಳ ಉದ್ದಗಲ, ಅಕ್ಷರದ ಗುಣ, ಪ್ರತಿ ಬರೆದವನ ಊರು ಇವನ್ನೆಲ್ಲ ಕೊಡುತ್ತೇವೆ. ಮೂರು ನೂರು ವರ್ಷದ ಹಿಂದಿನ ಲಿಪಿಕಾರನ ಹೆಸರು ಸಿಕ್ಕಿದರೆ ಅದನ್ನು ಸಂತೋಷದಿಂದ ಅಚ್ಚು ಮಾಡುತ್ತೇವೆ. ‘ಗ’ ಪ್ರತಿಯಲ್ಲಿ ಈ ಪಾಠವಿದೆ ಎಂದು ಅಡಿಟಿಪ್ಪಣಿ ಹೇಳಿದಾಗ, ಆ ಗರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮಸಿ ತುಂಬಿ ಅಕ್ಷರವನ್ನು ಓದಿದವರು ನಮ್ಮವರಲ್ಲಿಯೇ ಯಾರೆಂದು ಕೇಳುವುದಕ್ಕೆ ದಾರಿಯಿಲ್ಲ.