ನಾಲೆ ಏರಿಯ ಮೇಲೆ ನಾಲ್ಕಿಂಚು

ದಪ್ಪ ಟೈರಿನ ಎಲೆಕ್ಟ್ರಿಕ್ ಸೈಕಲ್ಲನ್ನು ನಂಜನಗೂಡಿನ ಯಾವುದೇ ಟೀ ಅಂಗಡಿಯ ಮುಂದೆ ನಿಲ್ಲಿಸಿ ನೋಡಿ. ಬೀಗ ಹಾಕುವಷ್ಟರಲ್ಲಿ ನಾಲ್ಕು ಜನ ಸೇರಿರುತ್ತಾರೆ. ಮೊದಲನೆಯವರು ಬೆಲೆ ಕೇಳುತ್ತಾರೆ, ಎರಡನೆಯವರು ಮೈಲೇಜು. ಮೂರನೆಯವರು ಏನೂ ಕೇಳುವುದಿಲ್ಲ. ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ, ‘ಗಾಳಿ ಕಮ್ಮಿ ಅದೆ ಕಣಣ್ಣ’ ಎನ್ನುತ್ತಾರೆ. ಕಮ್ಮಿಯೇ ಇರಬೇಕು. ನಮ್ಮ ಹರ್ಕ್ಯುಲಿಸ್, ಅಟ್ಲಾಸ್ ಸೈಕಲ್ಲುಗಳ ಒಂದೂವರೆ ಇಂಚಿನ ಟೈರಿಗೆ ನಲವತ್ತು ಐವತ್ತು ಪೌಂಡು ಗಾಳಿ ಹಿಡಿಸಿ ಓಡಿಸಿದವರಿಗೆ ಇದು ವಿಚಿತ್ರವೆನಿಸುತ್ತದೆ. ಈ ನಾಲ್ಕಿಂಚಿನ ಟೈರು ಡಾಂಬರಿನ ಮೇಲೆ ಹದಿನೈದರಿಂದ ಇಪ್ಪತ್ತು ಪೌಂಡಿನಲ್ಲಿ ಓಡುತ್ತದೆ. ಕೆಸರಿಗಿಳಿಯುವ ಮೊದಲು ಎಂಟು ಹತ್ತಕ್ಕೆ ಇಳಿಸಬೇಕು. ಪೆಟ್ರೋಲ್ ಬಂಕಿನ ಗಾಳಿ ಮೀಟರು ಅಷ್ಟು ಕೆಳಗಿನ ಅಳತೆಯನ್ನು ನೆಟ್ಟಗೆ ತೋರಿಸುವುದಿಲ್ಲವಾದ್ದರಿಂದ, ಮೂರನೆಯವರ ಹೆಬ್ಬೆರಳೇ ಹೆಚ್ಚು ನಂಬಿಕಸ್ತ.

ಟಿ. ನರಸೀಪುರದ ಕಡೆಯ ಓದುಗರೊಬ್ಬರು ಕೇಳಿದ್ದರು: ಡೈರಿಗೆ ಹಾಲು, ಹೊಲಕ್ಕೆ ಗೊಬ್ಬರ, ಸಂತೆಗೆ ತರಕಾರಿ, ಇಷ್ಟಕ್ಕೆ ಈ ದಪ್ಪ ಟೈರಿನ ಸೈಕಲ್ ಆದೀತೇ? ಪ್ರಶ್ನೆ ಒಳ್ಳೆಯದು. ಜಾಹೀರಾತುಗಳಲ್ಲಿ ಈ ಸೈಕಲ್ಲು ಬರೀ ಬೆಟ್ಟ ಹತ್ತುತ್ತದೆ, ಸಮುದ್ರತೀರದಲ್ಲಿ ಸುತ್ತುತ್ತದೆ. ಹಾಲಿನ ಕ್ಯಾನು ಹೊತ್ತದ್ದನ್ನು ನಾನಂತೂ ನೋಡಿಲ್ಲ. ಅದಕ್ಕೇ ಈ ವಾರ ಇದರ ಸಮಾಚಾರ. ನಾನು ಓಡಿಸಿದ, ಇಪ್ಪತ್ತಿಂಚಿನ ಚಕ್ರದ ಮಡಿಚುವ ಸೈಕಲ್ಲಿನ ಹೆಸರು ಬೇಡ. ಈ ದರ್ಜೆಯವೆಲ್ಲ ಸರಿಸುಮಾರು ಒಂದೇ ಅಚ್ಚಿನವು.

ಟೈರಿನ ಹುಟ್ಟೂರು ತಿಳಿದರೆ ಅದರ ಸ್ವಭಾವ ತಿಳಿಯುತ್ತದೆ. ಅಲಾಸ್ಕಾದಲ್ಲಿ ಚಳಿಗಾಲದ ಹಿಮದ ಮೇಲೂ ಸೈಕಲ್ ತುಳಿಯಲೇಬೇಕೆಂಬ ಹಟದವರು ಎರಡು ರಿಮ್ಮುಗಳನ್ನು ಪಕ್ಕಪಕ್ಕ ಬೆಸೆದು ಅಗಲ ಮಾಡಿಕೊಂಡರು. ಅತ್ತ ನ್ಯೂ ಮೆಕ್ಸಿಕೊದಲ್ಲಿ ಮರಳುಗಾಡಿನ ಸವಾರರೂ ಅಗಲ ಟೈರಿನ ಪ್ರಯೋಗಕ್ಕಿಳಿದಿದ್ದರು. 2005ರಲ್ಲಿ ಅಮೆರಿಕದ ಸರ್ಲಿ ಕಂಪನಿ ‘ಪಗ್ಸ್ಲಿ’ ಎಂಬ ಸೈಕಲ್ಲನ್ನು ಬಿಟ್ಟ ಮೇಲೆ ಈ ಟೈರು ಅಂಗಡಿಗಳಿಗೆ ಬಂತು. ಆಮೇಲೆ ಅಮೆರಿಕದವರೇ ಅದಕ್ಕೆ ಮೋಟರು ಕೂರಿಸಿ, ಹಿಂದೆ ಮುಂದೆ ಕ್ಯಾರಿಯರ್ ಬಿಗಿದು, ದಿನಸಿ ತರುವ, ಮಕ್ಕಳನ್ನು ಶಾಲೆಗೆ ಬಿಡುವ ಯುಟಿಲಿಟಿ ಬೈಕ್ ಮಾಡಿದರು. ಅಲ್ಲಿ ಅದರ ಮೋಟರು 750 ವ್ಯಾಟಿನವರೆಗೆ ಇರುತ್ತದೆ. ಈ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಂಜನಗೂಡೂ ಟಿ. ನರಸೀಪುರವೂ ಒಂದೇ ರಾಷ್ಟ್ರೀಯ ಹೆದ್ದಾರಿ 766ರ ಮೇಲಿವೆ. ಆದರೆ ಆ ಹೆದ್ದಾರಿ ಮೈಸೂರನ್ನು ಬಳಸಿಕೊಂಡು ಬರುತ್ತದೆ. ಎರಡು ಊರುಗಳನ್ನು ನಿಜವಾಗಿ ಜೋಡಿಸಿರುವುದು ಕಪಿಲೆ. ಶ್ರೀಕಂಠೇಶ್ವರನ ಪಾದದಿಂದ ಹೊರಟ ಹೊಳೆ ಸುತ್ತೂರನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಸೈಕಲ್ಲಿನವನ ದಾರಿಯೂ ಹೊಳೆಯ ಜೊತೆಯದೇ, ಮೂವತ್ತು ಚಿಲ್ಲರೆ ಕಿಲೋಮೀಟರು. ಗುಡ್ಡಗಾಡಿಲ್ಲ. ಬತ್ತ, ಕಬ್ಬು, ಬಾಳೆ, ಹಿಪ್ಪುನೇರಳೆ. ಒಂದಿಷ್ಟು ಒಳ್ಳೆಯ ಡಾಂಬರು, ಒಂದಿಷ್ಟು ಕಬ್ಬಿನ ಟ್ರ್ಯಾಕ್ಟರುಗಳು ಅರೆದು ಬಿಟ್ಟ ಡಾಂಬರು, ಮಗ್ಗುಲಿಗೆ ತಿರುಗಿದರೆ ನಾಲೆ ಏರಿ. ಸೈಕಲ್ಲಿನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ತಾಲ್ಲೂಕುಗಳು ಸಿಗಲಾರವು.

ಡಾಂಬರಿನ ಮೇಲೆ ಮೊದಲು ಕೇಳಿಸುವುದು ಸದ್ದು. ಟೈರಿನ ಗುಬಟುಗಳು ನೆಲಕ್ಕೆ ಬಡಿದು ಒಂದೇ ಸಮ ಗುಂಯ್‌ಗುಡುತ್ತವೆ. ಸ್ವಿಚ್ ಆರಿಸಿ ತುಳಿದರೆ ಯಾರೋ ಹಿಂದಿನಿಂದ ಹಿಡಿದೆಳೆದಂತಾಗುತ್ತದೆ. ಸೈಕಲ್ಲಿನ ತೂಕವೇ ಮೂವತ್ತು ಕಿಲೋ ಸುಮಾರು. ಬ್ಯಾಟರಿ ಮುಗಿದ ಮೇಲೆ ಇದನ್ನು ಸೈಕಲ್ ಎನ್ನುವುದು ಬರೀ ಮರ್ಯಾದೆಗೆ. ಆದರೆ ಗುಂಡಿ ಬಂದಾಗ ಇದರ ಉಪಕಾರ ಗೊತ್ತಾಗುತ್ತದೆ. ಶಾಕ್ ಅಬ್ಸಾರ್ಬರ್ ಇಲ್ಲದಿದ್ದರೂ ಗಾಳಿಯೇ ಹೊಡೆತ ನುಂಗುತ್ತದೆ. ಮಾಗಿದ ರಸಬಾಳೆಯ ಚಿಪ್ಪುಗಳನ್ನು ಕ್ಯಾರಿಯರಿಗೆ ಕಟ್ಟಿ ತಂದರೆ ಕಪ್ಪಾಗದೆ ಮನೆ ಸೇರುತ್ತವೆ. ತೆಳು ಟೈರಿನ ಸೈಕಲ್ಲಿನಲ್ಲಿ ಅದು ಆಗದ ಮಾತು.

ನಾಲೆ ಏರಿಗೆ ಇಳಿದ ಮೇಲೆ ಮಾತ್ರ ಸೈಕಲ್ಲಿನ ಗತ್ತೇ ಬೇರೆ. ಎತ್ತಿನ ಗಾಡಿಯ ಜಾಡು, ಸಡಿಲ ಜಲ್ಲಿ, ಹುಲ್ಲಿನಡಿ ಅಡಗಿದ ಹಳ್ಳ, ಎಲ್ಲದರ ಮೇಲೂ ಅದು ತಲೆ ಕೆಡಿಸಿಕೊಳ್ಳದೆ ಹೋಗುತ್ತದೆ. ತೆಳು ಟೈರು ಜಾಡಿಗೆ ಸಿಕ್ಕಿ ಹ್ಯಾಂಡಲ್ ತಿರುಚುವ ಭಯವಿಲ್ಲ. ತಲಕಾಡಿನ ಕಡೆಯ ಹೊಳೆದಂಡೆಯಲ್ಲಿ ಎಂಟು ಪೌಂಡಿಗೆ ಇಳಿಸಿ ಒದ್ದೆ ಮರಳಿನ ಮೇಲೆ ಸಲೀಸಾಗಿ ಹೋಗಬಹುದು. ಒಣ ಮರಳಿನಲ್ಲಿ ಟೈರು ಹೂಳದಿದ್ದರೂ ಮೋಟರು ಬಿಸಿಯೇರಿ ಸುಸ್ತಾಗುತ್ತದೆ, ಇಳಿದು ತಳ್ಳಬೇಕು. ಎರೆಮಣ್ಣು ಇನ್ನೂ ಕಠಿಣ. ಮಳೆ ನಿಂತ ಮರುದಿನ ಎರೆ ಹೊಲದ ಹಾದಿ ಹಿಡಿದರೆ ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನ ಕೆಳಗೆ ತುಂಬಿ, ಚಕ್ರವೇ ನಿಲ್ಲುತ್ತದೆ. ಟೈರು ಅಗಲವಾದಷ್ಟೂ ಹೊತ್ತು ತರುವ ಮಣ್ಣೂ ಹೆಚ್ಚು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಹೋಗದಿದ್ದರೆ ಆ ಸೈಕಲ್ ನಮ್ಮ ಮಳೆಗಾಲಕ್ಕಲ್ಲ.

ಕೊಯ್ಲಿನ ಕಾಲದಲ್ಲಿ ಇನ್ನೊಂದು ಪರೀಕ್ಷೆ. ಹುರುಳಿ, ರಾಗಿಯನ್ನು ರಸ್ತೆಗೇ ಹಾಸಿ, ಹಾದುಹೋಗುವ ಬಸ್ಸು ಲಾರಿಗಳಿಂದ ಒಕ್ಕಣೆ ಮಾಡಿಸುವುದು ನಮ್ಮ ಸೀಮೆಯ ರೂಢಿ. ತೆಳು ಟೈರು ಅದರ ಮೇಲೆ ಜಾರುತ್ತದೆ. ದಪ್ಪ ಟೈರು ಜಾರುವುದಿಲ್ಲ, ಆದರೆ ಹುರುಳಿ ಬಳ್ಳಿ ಹಿಂದಿನ ಗೇರು ಚಕ್ರಗಳಿಗೂ ಡಿಸ್ಕ್ ಬ್ರೇಕಿಗೂ ಸುತ್ತಿಕೊಳ್ಳುತ್ತದೆ. ಮೋಟರು ತಿರುಗುತ್ತಲೇ ಇರುವುದರಿಂದ ಕಾಲಿಗೆ ಅದು ತಿಳಿಯುವುದೂ ತಡ. ಕಂಡ ಕೂಡಲೇ ಪವರ್ ಆಫ್ ಮಾಡಿ, ಇಳಿದು ದಾಟಿಸುವುದು ಮೇಲು.

ಈಗ ಆ 750ರ ವಿಷಯ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರಿನ ಬಲ 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದೆ ಇದ್ದರೆ ಅದು ಮೋಟಾರು ವಾಹನವಲ್ಲ. ಲೈಸೆನ್ಸ್ ಬೇಡ, ನೋಂದಣಿ ಬೇಡ, ನಂಬರ್ ಪ್ಲೇಟ್ ಬೇಡ. ಒಳ್ಳೆಯ ನಿಯಮವೇ. ಆದರೆ 250 ವ್ಯಾಟಿಗೂ ನಾಲ್ಕಿಂಚಿನ ಟೈರಿಗೂ ಜಾತಕ ಕೂಡಿಬರುವುದಿಲ್ಲ. ಲೆಕ್ಕ ನೋಡಿ: ಸವಾರ 70 ಕಿಲೋ, ಸೈಕಲ್ 30, ಹೊರೆ 30. ಗಾಳಿಯಿಲ್ಲದ ದಿನ, ಸಮತಟ್ಟಾದ ಡಾಂಬರಿನ ಮೇಲೆ ಗಂಟೆಗೆ 20 ಕಿಲೋಮೀಟರು ಹೋಗಲು ಟೈರಿನ ಉರುಳಾಟವೊಂದಕ್ಕೇ ಸುಮಾರು 140 ವ್ಯಾಟ್ ಬೇಕು. ಎರಡಿಂಚಿನ ಒಳ್ಳೆಯ ಟೈರಿಗೆ 60 ಸಾಕು. ಅಂದರೆ ಕಾನೂನು ಕೊಟ್ಟ ಬಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಟೈರೇ ತಿಂದು ಕೂತಿತು. ಉಳಿದದ್ದು ಏರಿಗೆ, ಗಾಳಿಗೆ. ಆಷಾಢದಲ್ಲಿ ಪಡುವಣ ಗಾಳಿಗೆ ಎದುರಾಗಿ ನರಸೀಪುರದಿಂದ ನಂಜನಗೂಡಿಗೆ ಬನ್ನಿ, ಈ ಲೆಕ್ಕ ತೊಡೆಯಲ್ಲೇ ಅರ್ಥವಾಗುತ್ತದೆ. ಆಮದಾದ 750 ವ್ಯಾಟಿನದನ್ನೇ ತಂದರಾಯಿತು ಎನ್ನುವವರಿದ್ದಾರೆ. ಅದು ಸೈಕಲ್ಲಲ್ಲ, ಮೋಟಾರು ವಾಹನ. ನೋಂದಣಿಯಿಲ್ಲದೆ ಓಡಿಸುವುದು ತಪ್ಪು. ಅಪಘಾತವಾದರೆ ವಿಮೆಯ ಆಸರೆಯೂ ಇಲ್ಲ.

ಹೊರೆಯ ಮಾತಿಗೆ ಬರೋಣ. ನಮ್ಮಲ್ಲಿ ಅಂಗಡಿಯವರು ಟೈರು ತೋರಿಸುತ್ತಾರೆ, ಕ್ಯಾರಿಯರ್ ತೋರಿಸುವುದಿಲ್ಲ. ಎಷ್ಟೋ ಮಾದರಿಗಳಲ್ಲಿ ಅದು ಇರುವುದೇ ಇಲ್ಲ. ಇದ್ದರೆ ಬಗ್ಗಿ ನೋಡಿ, ಎಷ್ಟು ಕಿಲೋ ಎಂದು ಕೆತ್ತಿರುತ್ತದೆ. 25 ಕಿಲೋ ಎಂದಿದ್ದರೆ ಇಪ್ಪತ್ತು ಲೀಟರಿನ ಹಾಲಿನ ಕ್ಯಾನು ತುಂಬಿ ಇಟ್ಟ ಕೂಡಲೇ ಆ ಮಿತಿ ಮುಟ್ಟಿತು. ಹಾಲೇ ಇಪ್ಪತ್ತು ಕಿಲೋಗಿಂತ ತುಸು ಹೆಚ್ಚು, ಮೇಲೆ ಕ್ಯಾನಿನ ತೂಕ. ಐವತ್ತು ಕಿಲೋ ಗೊಬ್ಬರದ ಮೂಟೆ ಕನಸಿನಲ್ಲೂ ಬೇಡ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹಗುರ, ಆದರೆ ಅಗಲ. ಈ ಮಡಿಚುವ ಸೈಕಲ್ಲುಗಳ ಕ್ಯಾರಿಯರ್ ಗಿಡ್ಡವಾದ್ದರಿಂದ ತುಳಿಯುವಾಗ ಹಿಮ್ಮಡಿ ಸೊಪ್ಪಿಗೆ ಬಡಿಯುತ್ತದೆ. ರೇಷ್ಮೆ ಸಾಕುವ ನರಸೀಪುರದ ಕಡೆಯವರಿಗೆ ಇದು ಸಣ್ಣ ದೋಷವಲ್ಲ. ಹಳೆಯ ಸೈಕಲ್ಲುಗಳ ಉದ್ದನೆಯ ಕಬ್ಬಿಣದ ಕ್ಯಾರಿಯರ್, ಎರಡೂ ಕಡೆ ಊರುವ ಸ್ಟ್ಯಾಂಡು ಮಾಡಿದವರು ಹೊರೆ ಹೊರುವವರನ್ನು ಕಂಡವರು. ಒಂಟಿ ಕಾಲಿನ ಸ್ಟ್ಯಾಂಡಿಗೆ ಹಾಲಿನ ಕ್ಯಾನು ಒಪ್ಪಿಸಿ ಡೈರಿಯ ಒಳಗೆ ಹೋಗಬೇಡಿ.

ಇಲ್ಲಿ ಟಿವಿಎಸ್ ಎಕ್ಸ್‌ಎಲ್ ನೆನಪಾಗದೆ ಇರದು. ನಂಜನಗೂಡು ರಸ್ತೆಯಲ್ಲೇ ಕಡಕೊಳದ ಬಳಿ ಆ ಕಂಪನಿಯ ಕಾರ್ಖಾನೆ ಇದೆ. 1980ರಲ್ಲಿ ಟಿವಿಎಸ್ 50 ಬಂದಾಗಿನಿಂದ ನಮ್ಮ ಹಳ್ಳಿಗಳ ನಿಜವಾದ ಸರಕು ಬಂಡಿ ಆ ಸಂತತಿಯದೇ. ಎಕ್ಸ್‌ಎಲ್ 100 ಸವಾರನೂ ಸೇರಿ 130 ಕಿಲೋ ಹೊರಬಲ್ಲದು ಎಂದು ಕಂಪನಿ ಹೇಳುತ್ತದೆ. ಅದರ ಮೇಲೆ ನಮ್ಮ ಜನ ಏರಿಸುವ ಹೊರೆಯನ್ನು ಕಂಪನಿಯವರು ನೋಡದಿರುವುದೇ ಕ್ಷೇಮ. ಕ್ಯಾನು ಎರಡು, ಹಿಂಡಿ ಮೂಟೆ ಒಂದು, ಹಿಂದೆ ಹೆಂಡತಿ ಎನ್ನುವ ಸಂಸಾರಕ್ಕೆ ಎಲೆಕ್ಟ್ರಿಕ್ ಸೈಕಲ್ ಪೈಪೋಟಿ ಕೊಡಲಾರದು.

ಖರ್ಚಿನಲ್ಲಿ ಮಾತ್ರ ಕೊಡುತ್ತದೆ. 36 ವೋಲ್ಟ್, 12.75 ಆಂಪಿಯರ್-ಅವರಿನ ಬ್ಯಾಟರಿ ಎಂದರೆ 459 ವ್ಯಾಟ್-ಅವರ್. ಅರ್ಧ ಯೂನಿಟ್ಟಿಗೂ ಕಡಿಮೆ. ಚಾರ್ಜರಿನ ನಷ್ಟ ಸೇರಿಸಿದರೂ ಒಮ್ಮೆ ತುಂಬಿಸಲು ಮೂರ್ನಾಲ್ಕು ರೂಪಾಯಿ. ಗೃಹಜ್ಯೋತಿಯ ಮಿತಿಯೊಳಗಿನ ಮನೆಗೆ ಅದೂ ಇಲ್ಲ. ಡಬ್ಬದ ಮೇಲೆ ಏನೇ ಬರೆದಿರಲಿ, ದಪ್ಪ ಟೈರು, ಹೊರೆ, ಸ್ವಲ್ಪ ತುಳಿತ ಸೇರಿ ಮೂವತ್ತು ಮೂವತ್ತೈದು ಕಿಲೋಮೀಟರು ನೆಚ್ಚಬಹುದು. ನಂಜನಗೂಡಿನಿಂದ ಹೊರಟರೆ ನರಸೀಪುರ ಮುಟ್ಟಿಸುತ್ತದೆ, ವಾಪಸು ತರುವುದಿಲ್ಲ. ಚಾರ್ಜರ್ ಜೊತೆಗಿರಲಿ, ಅಲ್ಲಿ ಐದಾರು ಗಂಟೆಯ ಕೆಲಸವೂ ಇರಲಿ. ಪೆಟ್ರೋಲಿನ ಎಕ್ಸ್‌ಎಲ್ಲಿಗೆ ಕಿಲೋಮೀಟರಿಗೆ ಎರಡು ರೂಪಾಯಿ ಬೀಳುವಲ್ಲಿ ಇದಕ್ಕೆ ಹತ್ತು ಹನ್ನೆರಡು ಪೈಸೆ. ಆದರೆ ಐನೂರು ಆರುನೂರು ಬಾರಿ ತುಂಬಿಸಿದ ಮೇಲೆ ಬ್ಯಾಟರಿ ಸೊರಗುತ್ತದೆ. ಹೊಸದಕ್ಕೆ ಹದಿನೈದು ಇಪ್ಪತ್ತು ಸಾವಿರ ತೆಗೆದಿಟ್ಟುಕೊಂಡರೆ ಲೆಕ್ಕ ಕಿಲೋಮೀಟರಿಗೆ ರೂಪಾಯಿ ದಾಟುತ್ತದೆ. ಅಂಗಡಿಯಲ್ಲಿ ಈ ಎರಡನೆಯ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಪಂಚರು ಇದರ ದೊಡ್ಡ ತಲೆನೋವು. ನಾಲೆ ಏರಿ ಎಂದ ಮೇಲೆ ಜಾಲಿ ಮುಳ್ಳು ಇದ್ದದ್ದೇ. ಹಿಂದಿನ ಚಕ್ರದ ಗುಂಬದಲ್ಲೇ ಮೋಟರು ಕೂತಿರುವುದರಿಂದ ಚಕ್ರ ಬಿಚ್ಚಲು ಮೊದಲು ತಂತಿ ಬಿಡಿಸಬೇಕು, ದೊಡ್ಡ ನಟ್ಟು ತೆಗೆಯಬೇಕು. ನಮ್ಮ ಪಂಚರ್ ಅಂಗಡಿಯವರು ಅದಕ್ಕೆ ಹೆದರುವವರಲ್ಲ. ಚಕ್ರ ಬಿಚ್ಚದೆ ಟೈರಿನ ಒಂದು ಮಗ್ಗುಲು ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು, ನೀರಿನ ಬಾಣಲೆಯಲ್ಲಿ ಮುಳುಗಿಸಿ ಗುಳ್ಳೆ ಹಿಡಿಯುತ್ತಾರೆ. ಟ್ಯೂಬೇ ಬದಲಿಸಬೇಕಾದರೆ ಮಾತ್ರ ಅವರೂ ಕೈಚೆಲ್ಲುತ್ತಾರೆ. ‘ಇಂತಾ ಟೂಬು ನಮ್ತಾವ ಇಲ್ಲ ಕಣಣ್ಣ, ಮೈಸೂರ್ಗೇ ಹೋಗ್ಬೇಕು’ ಎಂಬ ಉತ್ತರ ನಂಜನಗೂಡಿನಲ್ಲೂ ಸಿಕ್ಕಿತು, ನರಸೀಪುರದಲ್ಲೂ ಸಿಕ್ಕಿತು. ಮೈಸೂರಿನಲ್ಲೂ ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ.

ನೀರಿನ ವಿಷಯ ಒಂದೇ ಮಾತು. ಇಪ್ಪತ್ತಿಂಚಿನ ಚಕ್ರದ ಗುಂಬ ನೆಲದಿಂದ ಒಂದಡಿ ಎತ್ತರದಲ್ಲಿದೆ. ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟು ಕಪಿಲೆ ಉಕ್ಕಿದರೆ, 2019ರಲ್ಲಿ ಮಲ್ಲನಮೂಲೆಯ ಬಳಿ ಹೆದ್ದಾರಿಯೇ ಮುಳುಗಿ ಬಂದ್ ಆದ ಹಾಗೆ, ಅದು ಎಲೆಕ್ಟ್ರಿಕ್ ಸೈಕಲ್ಲಿನ ಪರೀಕ್ಷೆಯ ಹೊತ್ತಲ್ಲ. ಮಳೆ ನೀರು ಸಿಡಿದರೆ ತೊಂದರೆಯಿಲ್ಲ, ಮುಳುಗಿಸಬೇಡಿ.

ನರಸೀಪುರದ ಓದುಗರಿಗೆ ನನ್ನ ಉತ್ತರ ಇಷ್ಟು. ನಿಮ್ಮ ಮನೆಗೂ ಡೈರಿಗೂ ನಡುವೆ ನಾಲೆ ಏರಿಯೋ ಮಣ್ಣಿನ ಹಾದಿಯೋ ಇದ್ದರೆ, ಹೊರೆ ಒಂದು ಕ್ಯಾನಿಗೆ ಮೀರದಿದ್ದರೆ, ದಿನದ ಓಡಾಟ ಇಪ್ಪತ್ತು ಕಿಲೋಮೀಟರಿನೊಳಗಿದ್ದರೆ ಕೊಳ್ಳಿ. ಐವತ್ತು ಸಾವಿರದ ಆಸುಪಾಸಿನ ಬೆಲೆಗೆ ಮೋಸವಿಲ್ಲ. ಡಾಂಬರಿನ ಮೇಲೆಯೇ ಓಡಾಡುವವರಾದರೆ ಇದೇ ಮೋಟರು, ಇದೇ ಬ್ಯಾಟರಿ, ಎರಡು ಎರಡೂಕಾಲು ಇಂಚಿನ ಟೈರು ಇರುವುದನ್ನು ಆರಿಸಿಕೊಳ್ಳಿ. ಅದು ಹಗುರವಾಗಿಯೂ ಓಡುತ್ತದೆ, ದೂರವೂ ಹೋಗುತ್ತದೆ, ಅದರ ಟ್ಯೂಬೂ ಸುಲಭವಾಗಿ ಸಿಗುತ್ತದೆ. ದಪ್ಪ ಟೈರಿನದೇ ಬೇಕೆಂದರೆ ಹಣ ಕೊಡುವ ಮೊದಲು ಅಂಗಡಿಯಲ್ಲೇ ಎರಡು ಟ್ಯೂಬು ತೆಗೆದುಕೊಳ್ಳಿ, ಮೋಟರು 250 ವ್ಯಾಟ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.